ಚಿಮಿಣಿ ದೀಪದಿಂದ ಚೀಮೇನಿಯವರೆಗೆ



ಕಳೆದ ವೇಸಗೆಯಲ್ಲಿ ಒಂದು ರಬ್ಬರ್ ತೋಟದ ಲೈನುಮನೆಗಳ ಅಂಗಳದಲ್ಲಿ ನಮ್ಮ ಸಂಘದ ಸಣ್ಣ ಕೂಟ ನಡೆಯಿತು. ಬೋನಸ್ಸಿನ ಮಾತು ಮುಗಿದು ಎಲ್ಲರೂ ಏಳುವ ಹೊತ್ತಿಗೆ ಟ್ಯಾಪಿಂಗ್ ಕೆಲಸದ ಒಬ್ಬ ಯುವಕ ನಿಂತು ಕೇಳಿದ: "ಮಾಸ್ಟ್ರೇ, ಚೀಮೇನಿಯಲ್ಲಿ ಅಣುಸ್ಥಾವರ ಬರುತ್ತದಂತೆ. ಬೇಡ ಎಂದು ಬೋರ್ಡು ಹಿಡಿಯುವವರ ಮನೆಯಲ್ಲೂ ಎಸಿ ಉಂಟು. ನಮಗೆ ಕರೆಂಟು ಬೇಕೋ ಬೇಡವೋ, ಒಂದು ಹೇಳಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಹೋದ ಮೇಲೆ ಆ ಪ್ರಶ್ನೆ ನನ್ನನ್ನು ನಿದ್ರೆ ಮಾಡಲು ಬಿಡಲಿಲ್ಲ. ಯಾಕೆಂದರೆ ಹುಡುಗ ಕೇಳಿದ್ದು ನ್ಯಾಯದ ಪ್ರಶ್ನೆ. ಅಂದು ಅರ್ಧ ಉತ್ತರ ಕೊಟ್ಟು ಬಂದಿದ್ದೆ. ಉಳಿದ ಅರ್ಧವನ್ನು ಈ ಪತ್ರಿಕೆಯ ಮೂಲಕ ಅವನಿಗೂ ನಿಮಗೂ ಒಪ್ಪಿಸುತ್ತಿದ್ದೇನೆ.

ಮೊದಲನೆಯ ಮಾತು: ನಮಗೆ ಕರೆಂಟು ಬೇಕು. ಈಗ ಸಿಕ್ಕುವುದಕ್ಕಿಂತ ಹೆಚ್ಚು ಬೇಕು. ನಾನು ಚಿಮಿಣಿ ದೀಪದ ಮುಂದೆ ಕುಳಿತು ಓದಿ ಎಸ್.ಎಸ್.ಎಲ್.ಸಿ. ಮುಗಿಸಿದವನು. ಬೆಳಗ್ಗೆ ಎದ್ದು ಮೂಗು ಸೀನಿದರೆ ಮಸಿ ಬರುತ್ತಿತ್ತು. ಚಿಮಿಣಿ ಎಣ್ಣೆಗಾಗಿ ರೇಷನ್ ಅಂಗಡಿಯ ಮುಂದೆ ಅರ್ಧ ದಿನದ ಕೂಲಿ ಬಿಟ್ಟು ನಿಂತ ತಾಯಂದಿರು ಇಂದಿಗೂ ನಮ್ಮ ಮಧ್ಯದಲ್ಲಿ ಇದ್ದಾರೆ. ಹಿಂದಿನ ಕಾಲವೇ ಚಂದ, ಕರೆಂಟಿಲ್ಲದ ಬಾಳೇ ಸುಖ ಎಂದು ಉಪದೇಶ ಮಾಡುವವರು ಆ ಮಸಿಯನ್ನು ಉಸಿರಾಡಿದವರಲ್ಲ. 2017ರ ಮೇ ತಿಂಗಳಲ್ಲಿ ಕೇರಳದ ಪ್ರತಿಯೊಂದು ಮನೆಗೂ ವಿದ್ಯುತ್ ಮುಟ್ಟಿತೆಂದು ಸರಕಾರ ಘೋಷಿಸಿದಾಗ ಸಂತೋಷಪಟ್ಟವರಲ್ಲಿ ನಾವೂ ಇದ್ದೆವು. ಮಕ್ಕಳ ಓದಿಗೆ ಬೆಳಕು, ಮುದುಕರ ಸೆಕೆಗೆ ಫ್ಯಾನು, ಮೀನು ಕೆಡದಂತೆ ಇಡಲು ಒಂದು ಫ್ರಿಜ್ಜು, ಬಾವಿಯ ನೀರು ಮೇಲೆತ್ತಲು ಪಂಪು, ಇವನ್ನು ಕೂಲಿಯವನು ಬಯಸಿದರೆ ಅದನ್ನು ದುರಾಸೆ ಎಂದು ಯಾರೂ ಕರೆಯಬಾರದು.

ಹಾಗಾದರೆ ತಕರಾರು ಎಲ್ಲಿ? ಸ್ವಲ್ಪ ಲೆಕ್ಕ ನೋಡೋಣ. 2024ರ ಮೇ ತಿಂಗಳ ಮೊದಲಿಗೆ, ಮೈಯೆಲ್ಲ ಬೆವತು ಮಲಗಲಾಗದ ಆ ರಾತ್ರಿಗಳಲ್ಲಿ, ಕೇರಳದ ವಿದ್ಯುತ್ ಬೇಡಿಕೆ 5,800 ಮೆಗಾವ್ಯಾಟಿನ ಸಮೀಪಕ್ಕೆ ಏರಿತು. ಅದುವರೆಗೆ ಅಷ್ಟು ಏರಿದ್ದೇ ಇಲ್ಲ. ನಮ್ಮ ರಾಜ್ಯದ ದೊಡ್ಡ ಜಲವಿದ್ಯುತ್ ಕೇಂದ್ರವಾದ ಇಡುಕ್ಕಿಯ ಆರು ಯಂತ್ರಗಳೂ ಒಟ್ಟಿಗೆ ತಿರುಗಿದರೆ ಸಿಕ್ಕುವುದು 780 ಮೆಗಾವ್ಯಾಟ್. ಸೈಲೆಂಟ್ ವ್ಯಾಲಿಯ ಅಣೆಕಟ್ಟನ್ನು 1983ರಲ್ಲಿ ಕೈಬಿಟ್ಟ ಮೇಲೆ ಕಾಡು ಮುಳುಗಿಸಿ ದೊಡ್ಡ ಅಣೆಕಟ್ಟು ಕಟ್ಟುವುದು ಇಲ್ಲಿ ಸುಲಭವಾಗಿ ಉಳಿಯಲಿಲ್ಲ. ಆದುದರಿಂದ ಕೇರಳವು ಉರಿಸುವ ವಿದ್ಯುತ್ತಿನಲ್ಲಿ ಹತ್ತರಲ್ಲಿ ಸುಮಾರು ಏಳು ಪಾಲು ಹೊರಗಿನಿಂದ ಕ್ರಯಕ್ಕೆ ತಂದದ್ದು. ಅದರಲ್ಲಿ ಬಹಳಷ್ಟು ಕಲ್ಲಿದ್ದಲು ಸುಟ್ಟು ಮಾಡಿದ್ದು.

ಈ ಸಂಕಷ್ಟವನ್ನು ಮುಂದಿಟ್ಟುಕೊಂಡೇ ಚೀಮೇನಿಯ ಮಾತು ಬಂದದ್ದು. 2024ರಲ್ಲಿ ರಾಜ್ಯದ ವಿದ್ಯುತ್ ಮಂಡಳಿಯವರು ಅಣುಶಕ್ತಿ ಸ್ಥಾವರದ ವಿಚಾರವಾಗಿ ಕೇಂದ್ರದ ಸಂಸ್ಥೆಗಳೊಂದಿಗೆ ಮಾತುಕತೆ ಆರಂಭಿಸಿದರು. ತಲಾ 220 ಮೆಗಾವ್ಯಾಟಿನ ಎರಡು ಘಟಕ, ಖರ್ಚು ಸುಮಾರು 7,000 ಕೋಟಿ ರೂಪಾಯಿ, ಸ್ಥಳ ತೃಶೂರಿನ ಅತಿರಪ್ಪಿಳ್ಳಿ ಇಲ್ಲವೇ ನಮ್ಮ ಜಿಲ್ಲೆಯ ಚೀಮೇನಿ ಎಂದು ಪತ್ರಿಕೆಗಳು ಬರೆದವು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ವಿದ್ಯುತ್ ಸಚಿವ ಮನೋಹರ ಲಾಲ್ ಕೇರಳಕ್ಕೆ ಬಂದಾಗ, ರಾಜ್ಯವು ಜಾಗ ಕೊಟ್ಟರೆ ಸ್ಥಾವರಕ್ಕೆ ಕೇಂದ್ರ ಸಿದ್ಧ ಎಂದರು. ಬಳಿಕ, ಸ್ಥಾವರ ರಾಜ್ಯದ ಹೊರಗೆ ಇರಲಿ, ನಮಗೆ ಪಾಲು ಸಿಕ್ಕಲಿ ಎಂಬ ಮಾತೂ ಕೇಳಿಬಂತು.

ಉತ್ತರದ ಮಂಜೇಶ್ವರ, ಎಣ್ಮಕಜೆ ಕಡೆಯ ನಮ್ಮ ಕುಟುಂಬಗಳಿಗೆ ಚೀಮೇನಿ ದೂರವೆಂದು ತೋರಬಹುದು. ಅದು ದೂರವಲ್ಲ. ಕಯ್ಯೂರು-ಚೀಮೇನಿ ಒಂದೇ ಪಂಚಾಯತು. 1943ರಲ್ಲಿ ನಾಲ್ವರು ರೈತ ಯುವಕರನ್ನು ಗಲ್ಲಿಗೇರಿಸಿದ ಆ ಕಯ್ಯೂರು, ನಿರಂಜನರು 'ಚಿರಸ್ಮರಣೆ' ಬರೆದು ಕನ್ನಡಿಗರ ಮನೆಮನೆಗೆ ಮುಟ್ಟಿಸಿದ ಊರು. ಆ ಮಣ್ಣಿನ ಮೇಲೆ ಸ್ಥಾವರ ಹೇರುವ ಮಾತೂ ಹೊಸತಲ್ಲ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಅಲ್ಲೇ ಕಲ್ಲಿದ್ದಲ ಸ್ಥಾವರ ಮಾಡುತ್ತೇವೆಂದರು, ಜನರು ಒಪ್ಪಲಿಲ್ಲ. ಅದಕ್ಕೂ ಮೊದಲು, 1990ರ ಸುಮಾರಿಗೆ, ಪಕ್ಕದ ಕಣ್ಣೂರು ಜಿಲ್ಲೆಯ ಪೆರಿಂಗೋಮಿನಲ್ಲಿ ಅಣುಸ್ಥಾವರ ಎಂದರು. ಅಲ್ಲಿಯೂ ಜನರು ಎದ್ದು ನಿಂತರು, ಯೋಜನೆ ಬಿದ್ದುಹೋಯಿತು.

ಸ್ಥಾವರ ಬೇಕೆನ್ನುವವರು ನಮ್ಮ ಮುಂದೆ ಮೂರು ಮಾತು ಇಡುತ್ತಾರೆ. ಒಂದು, ಜಾಗ ಖಾಲಿ ಉಂಟು. ಎರಡು, ಕೆಲಸ ಸಿಕ್ಕುತ್ತದೆ. ಮೂರು, ಬೇಡಿಕೆ ಏರುತ್ತಿದೆ, ಬೇರೆ ದಾರಿ ಇಲ್ಲ. ಮೂರನ್ನೂ ಒಂದೊಂದಾಗಿ ತೂಗಿ ನೋಡೋಣ.

ಜಾಗ ಖಾಲಿ ಎನ್ನುತ್ತಾರೆ. ಚೀಮೇನಿಯ ಹೆಸರು ಮತ್ತೆ ಮತ್ತೆ ಬರಲು ಕಾರಣ ಅಲ್ಲಿ ಸರಕಾರಿ ಸಂಸ್ಥೆಯಾದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ವಿಶಾಲವಾದ ಗೇರುತೋಟ ಇರುವುದು. ಗೇರುತೋಟದಲ್ಲಿ ಸೀಸನ್ನಿಗೆ ಬಗ್ಗಿ ಬಗ್ಗಿ ಬೀಜ ಹೆಕ್ಕುವ ಹೆಂಗಸರನ್ನು ಕೇಳಿ, ಅದು ಖಾಲಿಯೋ ಎಂದು. ಗುಡ್ಡೆಯ ಕೆಳಗಿನ ಬಾವಿಗಳನ್ನು ಕೇಳಿ. ಖಾಲಿ ಎಂದರೆ ಅಲ್ಲಿ ಪಟ್ಟೆ ಇದ್ದವರು ಯಾರೂ ಇಲ್ಲ ಎಂದಷ್ಟೇ ಅರ್ಥ. ಪಟ್ಟೆ ಇಲ್ಲದವನು ಕಾಗದದಲ್ಲಿ ಕಾಣುವುದಿಲ್ಲ. ಕಾಗದದಲ್ಲಿ ಕಾಣದವನನ್ನು ಕೇಳುವ ಅಗತ್ಯ ಯಾರಿಗೂ ತೋರುವುದಿಲ್ಲ.

ಈ 'ಖಾಲಿ' ಎಂಬ ಶಬ್ದದ ಬೆಲೆ ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. 1970ರ ದಶಕದ ಕೊನೆಯಿಂದ 2000ದವರೆಗೆ ಅದೇ ಕಾರ್ಪೊರೇಷನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಸೊಳ್ಳೆಕೀಟಕ್ಕೆ ಮದ್ದು, ಮನುಷ್ಯರಿಗೆ ಭಯವಿಲ್ಲ ಎಂದರು. ಗುಡ್ಡೆಯಲ್ಲಿ ಯಾರೂ ಇಲ್ಲವೆಂಬ ಲೆಕ್ಕದಲ್ಲೇ ಮೇಲಿನಿಂದ ಸುರಿದದ್ದು. ಕೆಳಗೆ ಎಣ್ಮಕಜೆಯ ಪಡ್ರೆ ಇತ್ತು, ಮುಳಿಯಾರು ಇತ್ತು, ಪೆರಿಯ ಇತ್ತು, ಚೀಮೇನಿಯೂ ಇತ್ತು. ಸರಕಾರದ ಪಟ್ಟಿಯಲ್ಲೇ ಬಾಧಿತರು ಆರು ಸಾವಿರಕ್ಕೂ ಹೆಚ್ಚು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಲ್ಲಿಸಿತು. 2017ರ ಜನವರಿಯಲ್ಲಿ, ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದಿತು. ಮೂರು ತಿಂಗಳಲ್ಲ, ಐದು ವರ್ಷ ಕಳೆದ ಮೇಲೆ, 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ವಿಚಾರಿಸಿದಾಗ 3,704 ಮಂದಿಯಲ್ಲಿ ಹಣ ಮುಟ್ಟಿದ್ದು 8 ಮಂದಿಗೆ. ಆ ಎಂಟು ಮಂದಿಯೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರು! ಕೋರ್ಟು ಗದರಿಸಿದ ಬಳಿಕವೇ ಉಳಿದವರಿಗೆ ಹಣ ಹರಿಯಲಾರಂಭಿಸಿತು.

ಎಂಡೋಸಲ್ಫಾನೂ ಅಣುಶಕ್ತಿಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅದು ಬೇರೆ, ಇದು ಬೇರೆ. ಆದರೆ 'ಭಯವಿಲ್ಲ, ನಾವು ನೋಡಿಕೊಳ್ಳುತ್ತೇವೆ' ಎಂದು ಅಂದು ಹೇಳಿದ ಬಾಯಿ ಮತ್ತು ಇಂದು ಹೇಳುವ ಬಾಯಿ ಒಂದೇ. ಹಳೆಯ ಸಾಲ ತೀರಿಸಲು ಕೋರ್ಟು ಎರಡು ಸಲ ಹೇಳಬೇಕಾಯಿತು. ಅಂಥವರು ಹೊಸ ಸಾಲ ಕೇಳಿಕೊಂಡು ಬಂದರೆ, ಹಳ್ಳಿಯ ಸಣ್ಣ ಅಂಗಡಿಯವನೂ ಮೊದಲು ಲೆಕ್ಕದ ಪುಸ್ತಕ ತೆರೆದು ತೋರಿಸುತ್ತಾನೆ.

ಎರಡನೆಯದು ಕೆಲಸದ ಮಾತು. ಸಂಘದಲ್ಲಿ ದುಡಿಯುವ ನನಗೆ ಇದು ಹಗುರವಾದ ಮಾತಲ್ಲ. ನಮ್ಮ ಮಕ್ಕಳು ಕೆಲಸಕ್ಕಾಗಿ ಮಂಗಳೂರು, ಕೊಲ್ಲಿ ಎಂದು ಹೋಗುತ್ತಿರುವಾಗ ಹತ್ತಿರದಲ್ಲಿ ಕೆಲಸ ಬರುತ್ತದೆಂದರೆ ಯಾರಿಗೆ ಬೇಡ? ಆದರೆ ಯಾವ ಕೆಲಸ? ಸ್ಥಾವರದ ಒಳಗಿನ ಖಾಯಂ ಕೆಲಸ ಇಂಜಿನಿಯರಿಂಗ್, ಡಿಪ್ಲೊಮಾ, ಐ.ಟಿ.ಐ. ಕಲಿತವರಿಗೆ. ಐವತ್ತು ದಾಟಿದ ಟ್ಯಾಪರನಿಗೂ ಬೀಜ ಹೆಕ್ಕುವ ಅಕ್ಕನಿಗೂ ಉಳಿಯುವುದು ಕಟ್ಟೋಣದ ಕಾಲದ ಮಣ್ಣು ಹೊರುವ ಕೆಲಸ, ಅದೂ ಗುತ್ತಿಗೆದಾರನ ಕೈಕೆಳಗೆ. ಕಟ್ಟಡ ಎದ್ದ ದಿನ ಆ ಕೆಲಸ ಮುಗಿಯಿತು. ಅಷ್ಟರಲ್ಲಿ ತೋಟವೂ ಹೋಗಿರುತ್ತದೆ.

ಕನ್ನಡನಾಡಿನಲ್ಲೇ ಉದಾಹರಣೆ ಉಂಟು. ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ, ಕಾಳಿ ನದಿಯ ದಂಡೆಯಲ್ಲಿ, ಅಣುಸ್ಥಾವರ ಬರುವಾಗ ಶಿವರಾಮ ಕಾರಂತರು ಅದನ್ನು ವಿರೋಧಿಸಿ 1989ರಲ್ಲಿ ಲೋಕಸಭೆಗೇ ಸ್ಪರ್ಧಿಸಿದರು, ಗೆಲ್ಲಲಿಲ್ಲ. ಸ್ಥಾವರ ಬಂತು. 1994ರಲ್ಲಿ ಕಟ್ಟುತ್ತಿರುವಾಗಲೇ ಒಂದು ಘಟಕದ ಗುಮ್ಮಟದ ಒಳಭಾಗ ಕುಸಿದು ಬಿತ್ತು. ಇಂದು ಅಲ್ಲಿ ನಾಲ್ಕು ಘಟಕಗಳಿಂದ 880 ಮೆಗಾವ್ಯಾಟ್ ಬರುತ್ತದೆ. ಸತ್ಯವನ್ನು ಮರೆಮಾಚಬಾರದು: ಅಲ್ಲಿಯ ಮೊದಲನೆಯ ಘಟಕ 2018ರಲ್ಲಿ ಎಡೆಬಿಡದೆ 962 ದಿನ ಓಡಿದ ದಾಖಲೆ ಮಾಡಿತು. ಹಗಲು ರಾತ್ರಿ ಓಡುತ್ತದೆ, ಹೊಗೆ ಇಲ್ಲ. ಇದು ಅದರ ಗುಣ. ಆದರೆ ಅದೇ ಕೈಗಾದಲ್ಲಿ 2009ರ ನವೆಂಬರಿನಲ್ಲಿ ಕೆಲಸಗಾರರು ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಎಂಬ ವಿಕಿರಣವಸ್ತು ಸೇರಿದ ಭಾರಜಲ ಬಿತ್ತು. ಐವತ್ತಕ್ಕೂ ಹೆಚ್ಚು ಮಂದಿಯ ಮೂತ್ರದಲ್ಲಿ ಅದು ಹೆಚ್ಚಾಗಿ ಕಂಡಿತು. ಯಂತ್ರ ಸೋರಿದ್ದಲ್ಲ, ಒಳಗಿನವರು ಯಾರೋ ಬೇಕೆಂದೇ ಹಾಕಿದ್ದು ಎಂದು ಅಧಿಕಾರಿಗಳು ಹೇಳಿದರು. ಹಾಗೆಯೇ ಇರಲಿ. ನೀರು ಕುಡಿದವರು ಯಾರು? ಪಾಳಿಯಲ್ಲಿ ದುಡಿದು ಬಾಯಾರಿದ ಕೆಲಸಗಾರರು.

ನೀರಿನ ಮಾತು ಬಂತಲ್ಲ, ಅದನ್ನೂ ಕೇಳಬೇಕು. ಅಣುಸ್ಥಾವರವನ್ನು ತಣ್ಣಗೆ ಇಡಲು ಬಹಳ ನೀರು ಬೇಕು. ಕೈಗಾಕ್ಕೆ ಕದ್ರಾ ಅಣೆಕಟ್ಟಿನ ನೀರು ಉಂಟು. ನಮ್ಮ ಜಿಲ್ಲೆಯ ಹೊಳೆಗಳು ಗಿಡ್ಡ ಹೊಳೆಗಳು; ಆಟಿಯಲ್ಲಿ ಉಕ್ಕುತ್ತವೆ, ಮಾರ್ಚಿನಲ್ಲಿ ಕಲ್ಲು ಕಾಣುತ್ತದೆ. ಗುಡ್ಡೆಗೆ ಸುರಂಗ ಕೊರೆದು ಒಂದೊಂದು ಹನಿ ನೀರು ಹಿಡಿದವರು ನಮ್ಮ ಅಜ್ಜಂದಿರು. ಈ ಜಿಲ್ಲೆಯಲ್ಲಿ ಯಾವ ಹೊಳೆಯ ನೀರನ್ನು ಯಾರಿಂದ ತೆಗೆದು ಸ್ಥಾವರಕ್ಕೆ ಕೊಡುತ್ತೀರಿ ಎಂದು ಕೇಳುವುದು ಪ್ರಗತಿಗೆ ವಿರೋಧವೇ?

ಮೂರನೆಯ ಮಾತು, ಬೇರೆ ದಾರಿ ಇಲ್ಲ ಎಂಬುದು. ಕೈಗಾದ ಮೊದಲ ಘಟಕದ ಕಟ್ಟೋಣ 1989ರಲ್ಲಿ ಸುರುವಾಗಿ, ಅದು ಕರೆಂಟು ಮಾರಲಾರಂಭಿಸಿದ್ದು 2000ದಲ್ಲಿ. ಹನ್ನೊಂದು ವರ್ಷ. ಹಾಗಾದರೆ ಬರುವ ವೇಸಗೆಯ ಸೆಕೆಗೆ ಚೀಮೇನಿ ಮದ್ದಲ್ಲ. ಎಲ್ಲ ಸರಿಯಾಗಿ ನಡೆದರೂ ಸಿಕ್ಕುವ 440 ಮೆಗಾವ್ಯಾಟ್, 2024ರ ಆ ಬೇಡಿಕೆಯ ಹದಿಮೂರರಲ್ಲಿ ಒಂದು ಪಾಲು. ಬುರುಜು ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಸುವಾರ್ತೆಯಲ್ಲಿ ನಾವು ಓದಿದ್ದೇವೆ. ಲೆಕ್ಕ ಹಾಕಿ ಎಂದರೆ ಕಟ್ಟಬೇಡ ಎಂದಲ್ಲ. ಲೆಕ್ಕ ಹಾಕದೆ ಬೇರೆಯವರ ಮನೆಯಂಗಳದಲ್ಲಿ ಕಟ್ಟಬೇಡ ಎಂದು.

ಕೇರಳಕ್ಕೆ ಕೊರತೆ ಬೀಳುವುದು ಮುಖ್ಯವಾಗಿ ಸಂಜೆಯಿಂದ ನಡುರಾತ್ರಿಯವರೆಗೆ. ಹಗಲಿನಲ್ಲಿ ಸೂರ್ಯನ ಕರೆಂಟು ಸಿಕ್ಕುತ್ತದೆ, ಸಂಜೆ ಅದು ನಿಲ್ಲುತ್ತದೆ. ಆದುದರಿಂದ ಹಗಲಿನದ್ದನ್ನು ಕೂಡಿಟ್ಟು ರಾತ್ರಿ ಬಳಸುವ ದಾರಿ ಬೇಕು. ಆ ದಾರಿ ನಮ್ಮ ಜಿಲ್ಲೆಯಲ್ಲೇ ಹಾಕಿದ್ದಾರೆ. ಮೈಲಾಟಿಯ ಸಬ್‌ಸ್ಟೇಷನ್ನಿನಲ್ಲಿ 125 ಮೆಗಾವ್ಯಾಟಿನ ದೊಡ್ಡ ಬ್ಯಾಟರಿ ಕೇಂದ್ರದ ಯೋಜನೆ ಉಂಟು. ಹಗಲು ತುಂಬಿಸಿ ರಾತ್ರಿ ನಾಲ್ಕು ಗಂಟೆ ಹೊತ್ತು ಕರೆಂಟು ಕೊಡುವಂಥದ್ದು. ಬ್ಯಾಟರಿ ತಾನೇ ವಿದ್ಯುತ್ ಹುಟ್ಟಿಸುವುದಿಲ್ಲ, ನಿಜ. ಅದು ಭತ್ತದ ಕಣಜ ಇದ್ದಂತೆ. ಗದ್ದೆ ಬೇರೆ ಬೇಕು. ಆದರೆ ಇಂಥ ನಾಲ್ಕು ಕಣಜ ಮಾಡಿದರೆ ರಾತ್ರಿಯ ಆ ನಾಲ್ಕು ಗಂಟೆಗೆ ಚೀಮೇನಿಯ ಎರಡು ಘಟಕಗಳಷ್ಟು ಕೈಯಲ್ಲಿರುತ್ತದೆ. ಅದಕ್ಕೆ ಯಾರ ಬಾವಿಯನ್ನೂ ಮುಟ್ಟಬೇಕಾಗಿಲ್ಲ.

ಗದ್ದೆ ಎಲ್ಲಿ ಎಂದು ಕೇಳುತ್ತೀರಿ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕ್ರೆಯಲ್ಲಿ 50 ಮೆಗಾವ್ಯಾಟಿನ ಸೌರ ಸ್ಥಾವರ 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅಂಬಲತ್ತರದಲ್ಲಿ ಇನ್ನೊಂದು ಉಂಟು. ಒಳ್ಳೆಯದೇ. ಆದರೆ ಇಲ್ಲೂ ಕಣ್ಣು ಮುಚ್ಚಬಾರದು. 250 ಎಕ್ರೆ ಗುಡ್ಡೆಗೆ ಬೇಲಿ ಬಿದ್ದರೆ ದನ ಮೇಯಿಸುವವಳೂ ಸೊಪ್ಪು ತರುವವಳೂ ಬೇಲಿಯ ಹೊರಗೆ. ಸೂರ್ಯನ ಹೆಸರಿನಲ್ಲಿ ಬಂದರೂ ಬೇಲಿ ಬೇಲಿಯೇ. ಆದುದರಿಂದ ನಾನು ಹೇಳುವುದು: ಗುಡ್ಡೆಗೆ ಹೋಗುವ ಮೊದಲು ಮಾಡಿಗೆ ಹೋಗಿ. ನೆಲ ಬೇಡದ ಗದ್ದೆ ಮನೆಯ ಮಾಡು.

ಮತ್ತು ಇಲ್ಲೇ, ಸಹೋದರರೇ, ನಮ್ಮ ದೊಡ್ಡ ಅನ್ಯಾಯ ಅಡಗಿರುವುದು. 2024ರಲ್ಲಿ ಕೇಂದ್ರವು ಪಿ.ಎಂ. ಸೂರ್ಯ ಘರ್ ಯೋಜನೆ ತಂದಿತು. ಮಾಡಿಗೆ 3 ಕಿಲೋವ್ಯಾಟಿನ ಪ್ಯಾನೆಲು ಹಾಕಿದವನಿಗೆ 78,000 ರೂಪಾಯಿ ಸಹಾಯಧನ. ಶರತ್ತು ಏನು? ಮನೆ ಸ್ವಂತದ್ದಾಗಿರಬೇಕು, ಮಾಡು ಯೋಗ್ಯವಾಗಿರಬೇಕು. ಲೈನುಮನೆಯವನಿಗೆ ಸ್ವಂತ ಮಾಡು ಎಲ್ಲಿಂದ? ಮೂವತ್ತು ವರ್ಷ ಆ ಮಾಡಿನ ಕೆಳಗೆ ಮಲಗಿದರೂ ಮಾಡು ಅವನದ್ದಲ್ಲ. ನಾನು ಮೊದಲು ಹೇಳಿದ ಆ ಕೂಟದ ದಿನ ಅಲ್ಲಿ ಮನೆಮನೆ ಹೊಕ್ಕು ಎಣಿಸಿದೆ. ಸಾಮಾನ್ಯ ಮನೆಗೆ ಮೂರು ಎಲ್.ಇ.ಡಿ. ಬಲ್ಬು, ಒಂದು ಫ್ಯಾನು. ಬಲ್ಬು ಐದು ಗಂಟೆ, ಫ್ಯಾನು ಎಂಟು ಗಂಟೆ ಓಡಿದರೆ ದಿನಕ್ಕೆ ಮುಕ್ಕಾಲು ಯೂನಿಟೂ ಆಗುವುದಿಲ್ಲ. ಪೇಟೆಯ ದೊಡ್ಡ ಮನೆಯಲ್ಲಿ ಒಂದೂವರೆ ಟನ್ನಿನ ಒಂದು ಎಸಿ ಒಂದು ರಾತ್ರಿ ಓಡಿದರೆ ಆರೇಳು ಯೂನಿಟು. ಅವರ ಒಂದು ಕೋಣೆಯ ಒಂದು ರಾತ್ರಿಗೆ ನಮ್ಮ ಇಡೀ ಕುಟುಂಬದ ಸುಮಾರು ಒಂಬತ್ತು ದಿನ! ಏರಿದ ಬೇಡಿಕೆ ಯಾರದ್ದು ಎಂದು ಈಗ ಹೇಳಿ. ಎಸಿಯವನ ಮಾಡಿಗೆ ಸಹಾಯಧನ ಸಿಕ್ಕುತ್ತದೆ, ಅವನ ಬಿಲ್ಲು ಇಳಿಯುತ್ತದೆ. ಉಳಿದ ಬೇಡಿಕೆ ತುಂಬಿಸಲು ಜಾಗ ಬೇಕಾದಾಗ ಮಾತ್ರ ಎಲ್ಲರ ಕಣ್ಣು ನಮ್ಮ ಗುಡ್ಡೆಗೆ.

ವಿರೋಧದ ಬೋರ್ಡು ಹಿಡಿಯುವ ಗೆಳೆಯರಿಗೂ ಒಂದು ಮಾತು. ಚೀಮೇನಿಯಲ್ಲಿ ಬೇಡ ಎಂದು ಕೂಗಿ, ಬೇರೆ ಊರಿನಿಂದ ಬಂದ ಕರೆಂಟಿನಲ್ಲಿ ತಣ್ಣಗೆ ಮಲಗಿದರೆ ಕೈ ತೊಳೆದಂತಾಗುವುದಿಲ್ಲ. ಕಲ್ಲಿದ್ದಲ ಸ್ಥಾವರದ ನೆರೆಯಲ್ಲಿ ಬಾಳುವುದು ಹೇಗೆಂದು ತಿಳಿಯಲು ಉಡುಪಿ ಜಿಲ್ಲೆಯ ಎಲ್ಲೂರಿಗೆ ಹೋಗಿ ನೋಡಿ. ಅಲ್ಲಿಯ 1,200 ಮೆಗಾವ್ಯಾಟಿನ ಸ್ಥಾವರಕ್ಕೆ, ಪರಿಸರಕ್ಕೆ ಮಾಡಿದ ಹಾನಿಗಾಗಿ, 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠ 52 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಉಡುಪಿಯಿಂದ ಕಾಸರಗೋಡಿಗೆ 400 ಕಿಲೋವೋಲ್ಟಿನ ತಂತಿ ಎಳೆಯುವಾಗ ವಿಟ್ಲ ಕಡೆಯ ಕೃಷಿಕರು ತಮ್ಮ ಅಡಿಕೆ ತೋಟ ಉಳಿಸಲು ಅಡ್ಡ ನಿಂತರು. ಅಣುಸ್ಥಾವರ ರಾಜ್ಯದ ಹೊರಗೆ ಇರಲಿ ಎಂಬುದೂ ಇದೇ ಜಾತಿಯ ಮಾತು. ಹೊರಗೆ ಎಂದರೆ ಎಲ್ಲಿ? ಅಲ್ಲಿಯೂ ಕೂಲಿಯವನು ಇದ್ದಾನೆ, ಅವನ ಬಾವಿ ಉಂಟು. ನಮಗೆ ಬೇಡವಾದ ಹೊರೆಯನ್ನು ಅವನ ತಲೆಗೆ ದಾಟಿಸುವುದು ಸಂಘ ಕಟ್ಟಿದವರ ಧರ್ಮವಲ್ಲ.

ನಾಬೋತನ ದ್ರಾಕ್ಷೇತೋಟದ ಕಥೆ ನಿಮಗೆಲ್ಲ ಗೊತ್ತು. ಅಹಾಬ ಅರಸನೂ ಮೊದಲು ಕ್ರಯ ಕೊಡುತ್ತೇನೆಂದೇ ಬಂದವನು. ಆದರೂ ನಾಬೋತನ ಹತ್ತಿರ ಕೊಡುವುದಿಲ್ಲ ಎನ್ನಲು ಪಿತೃಗಳ ಸ್ವಾಸ್ತ್ಯವಾದರೂ ಇತ್ತು. ನಮ್ಮ ಹತ್ತಿರ ಅದೂ ಇಲ್ಲ. ನಮ್ಮ ಬೆವರು ಬಿದ್ದ ನೆಲ ಅಷ್ಟೇ. ಆದುದರಿಂದ ನಮ್ಮ ಬೇಡಿಕೆಯನ್ನು ನಾವೇ ಬರೆದು ಕೊಡಬೇಕು. ಯಾರೂ ನಮಗಾಗಿ ಬರೆಯುವುದಿಲ್ಲ.

ಒಂದು: ತೋಟದ ಭೂಮಿಯನ್ನು ಯಾವ ವಿದ್ಯುತ್ ಯೋಜನೆಗೂ ಕೊಡುವ ಮೊದಲು ಖಾಯಂ ಕೆಲಸಗಾರರನ್ನೂ ಸೀಸನ್ ಕೂಲಿಯವರನ್ನೂ ಅವರ ಸಂಘಗಳನ್ನೂ ಕೇಳತಕ್ಕದ್ದು. 2006ರ ಪರಿಸರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ನಡೆಸುವಾಗ ಸಾರಾಂಶವನ್ನು ಸ್ಥಳದ ಭಾಷೆಯಲ್ಲಿ ಕೊಡಬೇಕು. ನಮ್ಮ ಜಿಲ್ಲೆಯಲ್ಲಿ ಅದು ಮಲಯಾಳದಲ್ಲೂ ಕನ್ನಡದಲ್ಲೂ ಇರತಕ್ಕದ್ದು. ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಕಾಲ ಮುಗಿಯಿತು.

ಎರಡು: ಪ್ರತಿಯೊಂದು ಲೈನುಮನೆಗೆ ಕುಟುಂಬದ ಹೆಸರಿನಲ್ಲೇ ಮೀಟರು ಬೇಕು.

ಮೂರು: ಲೈನುಮನೆಗಳ ಮಾಡು ಭದ್ರಪಡಿಸಿ ಅದರ ಮೇಲೆ ಪ್ಯಾನೆಲು ಹಾಕಿಸಬೇಕು. ಮಾಡು ಮಾಲಿಕನದ್ದಾದರೂ ಇಳಿಯುವ ಬಿಲ್ಲು ಒಳಗೆ ಮಲಗುವವನದ್ದಾಗಿರಬೇಕು. ಸಹಾಯಧನದ ಶರತ್ತನ್ನು ಅದಕ್ಕೆ ತಕ್ಕಂತೆ ತಿದ್ದಬೇಕು.

ನಾಲ್ಕು: ಹಗಲಿನ ಕರೆಂಟು ಕೂಡಿಡುವ ಕೆಲಸ ಮೊದಲು ಪೂರೈಸಲಿ. ಎಂಡೋಸಲ್ಫಾನ್ ಬಾಧಿತರ ಚಿಕಿತ್ಸೆ, ಆರೈಕೆಯ ಬಾಕಿ ತೀರಲಿ. ಅಲ್ಲಿಯವರೆಗೆ ಚೀಮೇನಿಯಲ್ಲಿ ಅಣುಸ್ಥಾವರದ ಮಾತಿಗೆ ನಮ್ಮ ಒಪ್ಪಿಗೆ ಇಲ್ಲ.

ಆ ಯುವಕನಿಗೆ ಈಗ ನನ್ನ ಪೂರ್ಣ ಉತ್ತರ: ಮಗಾ, ಕರೆಂಟು ಬೇಕು. ಬೇಕೋ ಬೇಡವೋ ಎಂದು ಕೇಳುವವರ ಬಲೆಗೆ ಬೀಳಬೇಡ. ಯಾರಿಗೆ ಎಷ್ಟು, ಯಾರ ನೆಲದಿಂದ, ಯಾರನ್ನು ಕೇಳಿ ಎಂದು ನೀನು ತಿರುಗಿ ಕೇಳು. ಮುಂದಿನ ತಿಂಗಳ ಕೂಟಕ್ಕೆ ಬರುವಾಗ ಎಲ್ಲರೂ ನಿಮ್ಮ ನಿಮ್ಮ ಮನೆಯ ಕರೆಂಟು ಬಿಲ್ಲು ಹಿಡಿದುಕೊಂಡು ಬನ್ನಿರಿ. ಬಿಲ್ಲು ನಿಮ್ಮ ಹೆಸರಿನಲ್ಲಿ ಇಲ್ಲದವರು ಆ ಮಾತನ್ನೇ ಒಂದು ಕಾಗದದಲ್ಲಿ ಬರೆದು ತನ್ನಿರಿ. ಅರ್ಜಿಯನ್ನು ಅಲ್ಲಿಂದಲೇ ಸುರು ಮಾಡೋಣ.